ರೋನಿ ಪಿಲ್ಗ್ರಿಮ್‌ನ ಸಾವು, ಬಳ್ಳಾರಿಯ ಕಿವಿ: ‘ಎ ಪ್ಯಾಷನ್ ಪ್ಲೇ’ ಪ್ರಕರಣ

1973ರ ಜುಲೈನಲ್ಲಿ ಇಂಗ್ಲೆಂಡಿನ ಜೆಥ್ರೋ ಟಲ್ ಅನ್ನುವ ರಾಕ್ ಬ್ಯಾಂಡಿನ ‘ಎ ಪ್ಯಾಷನ್ ಪ್ಲೇ’ ಆಲ್ಬಮ್ ಬಂತು. ಅಮೆರಿಕದ ಬಿಲ್‌ಬೋರ್ಡ್ ಮಾರಾಟದ ಪಟ್ಟಿಯಲ್ಲಿ ಒಂದನೇ ಸ್ಥಾನಕ್ಕೆ ಏರಿತು. ಅದೇ ಹೊತ್ತಿಗೆ ಅಲ್ಲಿನ, ಇಂಗ್ಲೆಂಡಿನ ವಿಮರ್ಶಕರು ಅದನ್ನು ಹಿಗ್ಗಾಮುಗ್ಗಾ ಜಾಡಿಸಿದರು. ಜನ ಕೊಂಡರು, ಬರೆಯುವವರು ಬೈದರು. ಆಮೇಲೆ ಗೆದ್ದಿದ್ದು ಬೈಗುಳವೇ. ಐವತ್ತು ವರ್ಷ ದಾಟಿದ ಮೇಲೂ ಜೆಥ್ರೋ ಟಲ್ ಅಂದರೆ ಜನ ‘ಅಕ್ವಾಲಂಗ್’ ಅಂತಾರೆ, ‘ಥಿಕ್ ಆ್ಯಸ್ ಎ ಬ್ರಿಕ್’ ಅಂತಾರೆ. ಅವರದೇ ಈ ಆಲ್ಬಮ್ಮಿನ ಮಾತು ಎತ್ತಿದರೆ, ‘ಅದಾ? ಅದು ತಲೆಗೆ ಹೋಗಲ್ಲ ಬಿಡಿ’ ಅಂತಾರೆ.

ನನ್ನ ಪ್ರಕಾರ ಅದು ತಲೆಗೆ ಹೋಗದ ಆಲ್ಬಮ್ ಅಲ್ಲ. ಅದೊಂದು ನಾಟಕ. ನಾಟಕವನ್ನು ಹಾಡಿನ ತಟ್ಟೆ ಅಂತ ಕೈಗೆ ಕೊಟ್ಟರು, ಕೇಳಿದವರೂ ಹಾಡಿನ ತಟ್ಟೆ ಅಂತಲೇ ಕೇಳಿದರು. ಎಡವಟ್ಟಾಗಿದ್ದು ಅಲ್ಲಿ. ಬಳ್ಳಾರಿಯಲ್ಲಿ ಕೆಲವರು ಕೂಡಿ ಕೂತು ಇದನ್ನು ಕೇಳಿದಾಗ ಈ ವಿಷಯ ನನಗೆ ಖಚಿತವಾಯಿತು. ಆ ಕೇಳುವಿಕೆಯ ವಿವರವನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಆಲ್ಬಮ್ಮಿನ ಕತೆ

ರೋನಿ ಪಿಲ್ಗ್ರಿಮ್ ಅನ್ನುವ ಒಬ್ಬ ಸಾಮಾನ್ಯ ಮನುಷ್ಯ ಸತ್ತಿದ್ದಾನೆ. ಕತೆ ಶುರುವಾಗುವುದೇ ಅಲ್ಲಿಂದ. ಎದೆಬಡಿತದ ಸದ್ದು ಕೇಳುತ್ತದೆ, ನಿಲ್ಲುತ್ತದೆ. ಮೊದಲ ಅಂಕ ಅವನದೇ ಅಂತ್ಯಕ್ರಿಯೆ. ಚಳಿಗಾಲದ ಬೆಳಿಗ್ಗೆ, ಸ್ಮಶಾನ. ತನ್ನನ್ನು ಮಣ್ಣು ಮಾಡಲು ಬಂದವರನ್ನು ಅವನೇ ನೋಡುತ್ತಿದ್ದಾನೆ. ಎರಡನೇ ಅಂಕ ಮರುದಿನ ಬೆಳಿಗ್ಗೆ, ಒಂದು ಪುಟ್ಟ ಚಿತ್ರಮಂದಿರದಲ್ಲಿ. ಅದರ ಹೆಸರು ಮೆಮೊರಿ ಬ್ಯಾಂಕ್. ಅವನ ಇಡೀ ಬದುಕನ್ನು ಪರದೆ ಮೇಲೆ ಓಡಿಸಿ, ಕೂತವರು ತೂಗಿ ನೋಡುತ್ತಾರೆ. ಮೂರನೇ ಅಂಕ ಎರಡು ದಿನ ಬಿಟ್ಟು, ‘ಜಿ. ಆಡಿ ಅಂಡ್ ಸನ್’ ಅನ್ನುವ ಕಂಪನಿಯ ಆಫೀಸಿನಲ್ಲಿ. ದೇವರದೇ ಆಫೀಸು ಅದು. ಸ್ವರ್ಗ ಸಿಕ್ಕಿದೆ, ಆದರೆ ಇವನಿಗೆ ಅಲ್ಲಿ ಮನಸ್ಸು ನಿಲ್ಲುವುದಿಲ್ಲ. ನರಕಕ್ಕೂ ಹೋಗಿ ನೋಡುತ್ತಾನೆ. ಅಲ್ಲಿಂದಲೂ ಓಡಿ ಬರುತ್ತಾನೆ. ನಾಲ್ಕನೇ ಅಂಕ ಮಧ್ಯರಾತ್ರಿ, ಮೇಗಸ್ ಪೆರ್ಡೆ ಅನ್ನುವವನ ಮನೆಯ ಪಡಸಾಲೆಯಲ್ಲಿ. ಅಲ್ಲಿಂದ ಮತ್ತೆ ಬದುಕಿನ ಕಡೆಗೆ ದಾರಿ.

ಈ ನಾಲ್ಕು ಅಂಕದ ವಿವರ ಹಾಡಿನೊಳಗೆ ನೇರವಾಗಿ ಎಲ್ಲೂ ಇಲ್ಲ. ಎಲ್‌ಪಿ ತಟ್ಟೆಯ ಜೊತೆಗೆ ಕೊಟ್ಟಿದ್ದ ಒಂದು ಕಿರುಹೊತ್ತಿಗೆಯಲ್ಲಿ ಇತ್ತು. ಲಿನ್‌ವೆಲ್ ಥಿಯೇಟರ್ ಅಂತ ಒಂದು ಕಾಲ್ಪನಿಕ ನಾಟಕಶಾಲೆ, ಅಲ್ಲಿ ನಡೆಯುವ ನಾಟಕದ ಕಾರ್ಯಕ್ರಮ ಪಟ್ಟಿ ಅದು. ಬ್ಯಾಂಡಿನ ಐದೂ ಜನ ಅದರಲ್ಲಿ ನಟರ ವೇಷದಲ್ಲಿದ್ದಾರೆ. ಆ ಪಟ್ಟಿ ಕೈಯಲ್ಲಿ ಇಲ್ಲದೆ ಆಲ್ಬಮ್ ಕೇಳಿದರೆ ಯಾರಿಗೆ ತಾನೇ ಗೊತ್ತಾಗುತ್ತೆ, ಇವನು ಸ್ಮಶಾನದಲ್ಲಿದ್ದಾನೋ ಸಿನಿಮಾ ಹಾಲಿನಲ್ಲೋ ಅಂತ? ಇವತ್ತು ಮೊಬೈಲಿನಲ್ಲಿ ಕೇಳುವವರ ಕೈಗೆ ಆ ಪಟ್ಟಿ ಬರುವುದೇ ಇಲ್ಲ.

ಹುಟ್ಟಿದ್ದೇ ಕಷ್ಟದಲ್ಲಿ

1972ರಲ್ಲಿ ಬಂದ ‘ಥಿಕ್ ಆ್ಯಸ್ ಎ ಬ್ರಿಕ್’ ಎರಡೂ ಬದಿ ತುಂಬಿದ ಒಂದೇ ಹಾಡು. ಅದೂ ಅಮೆರಿಕದಲ್ಲಿ ಒಂದನೇ ಸ್ಥಾನಕ್ಕೆ ಹೋಗಿತ್ತು. ಆ ಕಾಲದ ಭಾರೀ ಭಾರೀ ಆಲ್ಬಮ್‌ಗಳನ್ನು ನೋಡಿ ನಗುತ್ತಾ ಮಾಡಿದ ಕೆಲಸ ಅದು. ಕೇಳುವವರೂ ನಗುತ್ತಲೇ ಒಪ್ಪಿಕೊಂಡರು. ಮುಂದಿನ ಆಲ್ಬಮ್ಮಿಗೆ ಬ್ಯಾಂಡ್ ಪ್ಯಾರಿಸ್ ಹತ್ತಿರದ ಶಾಟೋ ದೆರೂವಿಲ್ ಅನ್ನುವ ಹಳೇ ಬಂಗಲೆಯ ಸ್ಟುಡಿಯೋಗೆ ಹೋಯಿತು. ಅಲ್ಲಿ ಯಂತ್ರ ಕೈಕೊಟ್ಟವು, ಊಟ ಕೈಕೊಟ್ಟಿತು, ಎಲ್ಲರ ಹೊಟ್ಟೆ ಕೆಟ್ಟಿತು. ಸುಮಾರು ಒಂದು ಗಂಟೆಯ ಸಂಗೀತವನ್ನು ಅಲ್ಲೇ ಕೈಬಿಟ್ಟು ಇಂಗ್ಲೆಂಡಿಗೆ ವಾಪಸ್ ಬಂದರು. ಆಮೇಲೆ ಲಂಡನ್ನಿನ ಮಾರ್ಗನ್ ಸ್ಟುಡಿಯೋದಲ್ಲಿ ಹೊಸದಾಗಿ ಕೂತು, ಹಳೆಯದರಲ್ಲಿ ಕೆಲವು ತುಂಡು ಮಾತ್ರ ಉಳಿಸಿಕೊಂಡು, ಈ ಸುಮಾರು 45 ನಿಮಿಷ ಕಟ್ಟಿದರು. ಅವಸರದ ಕೆಲಸ. ಅದು ಕೆಲವು ಕಡೆ ಕಿವಿಗೂ ಗೊತ್ತಾಗುತ್ತದೆ.

ಇನ್ನೊಂದು ವಿಷಯ ಮುಖ್ಯ. ಆಲ್ಬಮ್ ಅಂಗಡಿಗೆ ಬರುವ ಮೊದಲೇ ಬ್ಯಾಂಡ್ ಇದನ್ನು ವೇದಿಕೆ ಮೇಲೆ ಪೂರ್ತಿ ನುಡಿಸುತ್ತಿತ್ತು. ಪರದೆ ಮೇಲೆ ಒಂದು ಬಿಳಿ ಚುಕ್ಕೆ ಎದೆಬಡಿತದ ಜೊತೆ ಮಿಡಿಯುತ್ತಿತ್ತು, ಆಮೇಲೆ ಒಬ್ಬ ಬ್ಯಾಲೆ ನರ್ತಕಿ, ಆಮೇಲೆ ಸಿನಿಮಾ ತುಣುಕು. ನೋಡಲು ಬಂದವರು ‘ಅಕ್ವಾಲಂಗ್’ ಬೇಕು ಅಂತ ಬಂದವರು. ಅವರ ಮೇಲೆ ಒಂದೂ ಪದ ಗೊತ್ತಿಲ್ಲದ, ಒಂದೂ ರಾಗ ಗೊತ್ತಿಲ್ಲದ ಮುಕ್ಕಾಲು ಗಂಟೆ ಸುರಿಯಿತು. ಬೈದದ್ದು ನನಗೆ ಆಶ್ಚರ್ಯ ಅನ್ನಿಸುವುದಿಲ್ಲ. ಮೆಲೊಡಿ ಮೇಕರ್ ಪತ್ರಿಕೆಯಲ್ಲಿ ಕ್ರಿಸ್ ವೆಲ್ಚ್, ರೋಲಿಂಗ್ ಸ್ಟೋನ್‌ನಲ್ಲಿ ಸ್ಟೀಫನ್ ಹೋಲ್ಡನ್, ಇಬ್ಬರೂ ಕಟುವಾಗಿ ಬರೆದರು. ಕೊನೆಗೆ ಮ್ಯಾನೇಜರ್ ಟೆರಿ ಎಲ್ಲಿಸ್, ಈ ಟೀಕೆಯಿಂದಾಗಿ ಬ್ಯಾಂಡ್ ಇನ್ನು ವೇದಿಕೆ ಹತ್ತುವುದಿಲ್ಲ ಅಂತ ಪತ್ರಿಕೆಗೆ ಹೇಳಿಬಿಟ್ಟರು. ಅದರಿಂದ ಆದದ್ದು ನಷ್ಟವೇ. ಬ್ಯಾಂಡೇ ಮುನಿಸಿಕೊಂಡು ಕೂತಂತೆ ಕಂಡಿತು. ಆ ಮುನಿಸಿನ ಕತೆ ಆಲ್ಬಮ್ಮಿಗೆ ಇವತ್ತಿಗೂ ಅಂಟಿಕೊಂಡಿದೆ.

ಕೌಲ್ ಬಜಾರಿನ ಮಾಳಿಗೆ

ನಾವು ಕೇಳಿದ್ದು ಬಳ್ಳಾರಿಯ ಕೌಲ್ ಬಜಾರ್ ಕಡೆ ಒಂದು ಮನೆಯ ಮಾಳಿಗೆ ಮೇಲೆ, ಹೊತ್ತು ಮುಳುಗಿದ ಮೇಲೆ. ಬೇಸಿಗೆಯಲ್ಲಿ ನಮ್ಮೂರಿನ ಮಾಳಿಗೆ ರಾತ್ರಿ ಎಂಟಾದರೂ ಕಾಲು ಸುಡುತ್ತೆ, ಚಾಪೆ ಹಾಕುವ ಮೊದಲು ಎರಡು ಬಿಂದಿಗೆ ನೀರು ಹೊಡೆಯಬೇಕು. ಬಂದವರಲ್ಲಿ ಒಬ್ಬ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಲ್ಲಿ ಶಿಫ್ಟ್ ಮಾಡುವ ಹುಡುಗ, ಗಿಟಾರ್ ಚೆನ್ನಾಗಿ ನುಡಿಸುತ್ತಾನೆ. ಒಬ್ಬಳು ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಮಾಡುವ ಗೆಳತಿ. ಇನ್ನೊಬ್ಬರು ಸಿರುಗುಪ್ಪ ಕಡೆಯ ಹಳ್ಳಿಯ ಪೇಟಿ (ಹಾರ್ಮೋನಿಯಂ) ಮಾಸ್ತರು. ದೊಡ್ಡಾಟದ ಮೇಳಕ್ಕೆ, ಭಜನೆಗೆ ಪೇಟಿ ಹಿಡಿದು ವಯಸ್ಸಾದವರು. ಇಂಗ್ಲಿಷ್ ಬರುವುದಿಲ್ಲ. ರಾಕ್ ಅಂದರೆ ಏನು ಅಂತ ಗೊತ್ತಿಲ್ಲ, ಗೊತ್ತು ಮಾಡಿಕೊಳ್ಳುವ ಆತುರವೂ ಅವರಿಗೆ ಇರಲಿಲ್ಲ.

ಮೊದಲು ಏನೂ ಹೇಳದೆ ಹಾಕಿದೆ. ಗಿಟಾರ್ ಹುಡುಗ ಹತ್ತು ನಿಮಿಷಕ್ಕೆಲ್ಲ, ‘ಅಣ್ಣಾ, ಹಾಡು ಯಾವಾಗ ಶುರುವಾಗುತ್ತೆ?’ ಅಂದ. ಅವನು ಹೇಳಿದ್ದು ಸುಮ್ನೆ ಅಲ್ಲ. ಒಂದು ರಾಗ ಹಿಡಿಯಿತು ಅನ್ನುವಷ್ಟರಲ್ಲಿ ಅದು ಹೋಗಿರುತ್ತೆ. ತಾಳ ಬದಲಾಗಿರುತ್ತೆ. ಮಾರ್ಟಿನ್ ಬಾರ್ ಅವರ ಗಿಟಾರ್ ಒಂದು ಕಡೆ ಗಟ್ಟಿಯಾಗಿ ಎದ್ದು ನಿಲ್ಲುತ್ತೆ, ಅಷ್ಟರಲ್ಲಿ ಜಾನ್ ಇವಾನ್ ಅವರ ಸಿಂಥಸೈಸರ್ ಬಂದು ಅದನ್ನು ಮುಚ್ಚುತ್ತೆ. ಗೆಳತಿಗೆ ಪದಗಳ ಮೇಲೆಯೇ ಗಮನ. ಪದ ಜಾಸ್ತಿ, ಉಸಿರಿಗೆ ಜಾಗ ಕಡಿಮೆ ಅಂದಳು. ಇದು 1973ರ ವಿಮರ್ಶಕರ ದೂರೇ. ಅವರು ಬರೆದದ್ದನ್ನು ಇವರ್ಯಾರೂ ಓದಿರಲಿಲ್ಲ.

ಮಾಸ್ತರು ಮಾತ್ರ ಬೇರೆಯದೇ ಕೇಳಿದರು. ‘ಆ ಸನಾದಿ ಬಾರಿಸ್ತಾನಲ್ಲ, ಅವನು ಯಾರು?’

ಅದು ಸೊಪ್ರಾನೋ ಸ್ಯಾಕ್ಸೊಫೋನ್. ಜೆಥ್ರೋ ಟಲ್ ಅಂದರೆ ಒಂಟಿ ಕಾಲಲ್ಲಿ ನಿಂತು ಕೊಳಲು ಊದುವ ಹಾಡುಗಾರ ಇಯಾನ್ ಆಂಡರ್ಸನ್ ಅಂತ ಲೋಕಕ್ಕೆಲ್ಲ ಗೊತ್ತು. ಈ ಆಲ್ಬಮ್ಮಿನಲ್ಲಿ ಅವರು ಕೊಳಲಿನ ಜೊತೆ ಸ್ಯಾಕ್ಸೊಫೋನನ್ನೂ ಕೈಗೆತ್ತಿಕೊಂಡರು. ಆಮೇಲೆ ಅದೇ ತಪ್ಪಾಯಿತು ಅಂತ ಅವರೇ ಹೇಳಿಕೊಂಡಿದ್ದಾರೆ. ರಾಕ್ ಕೇಳುವವರಿಗೂ ಅದು ಇಷ್ಟವಾಗಲಿಲ್ಲ. ಆದರೆ ಕೊಪ್ಪಳ, ಬಳ್ಳಾರಿ ಕಡೆಯ ಕರಡಿ ಮಜಲು ವಾದ್ಯಮೇಳ ಕೇಳಿ ಬೆಳೆದ ಕಿವಿಗೆ ಆ ಚೂಪು ದನಿ ಹೊಸದಲ್ಲ. ಮೆರವಣಿಗೆಯಲ್ಲಿ ಸನಾದಿ ಹೀಗೇ ತಲೆ ಮೇಲೆ ಏರಿ ಕೂರುತ್ತೆ. ಅದು ಹಿತವಾಗಿರಲಿ ಅಂತ ಯಾರೂ ಕೇಳುವುದಿಲ್ಲ, ದೂರಕ್ಕೆ ಮುಟ್ಟಬೇಕು ಅಷ್ಟೇ. ಒಂದು ಸಾವಿನ ನಾಟಕಕ್ಕೆ ಕೊಳಲಿಗಿಂತ ಆ ದನಿಯೇ ಸರಿ ಅಂತ ನನಗೂ ಅನ್ನಿಸಿತು. ಎರಡನೇ ಭಾಗದಲ್ಲಿ ಮಾತ್ರ ಅದು ಅತಿಯಾಗುತ್ತೆ. ಅಲ್ಲಿ ಆಂಡರ್ಸನ್ ಅವರ ಮಾತಿಗೆ ನನ್ನದೂ ಒಪ್ಪಿಗೆ ಇದೆ.

ಕತೆ ಗೊತ್ತಾದ ಮೇಲೆ

ಆಮೇಲೆ ನಾಲ್ಕು ಅಂಕಗಳನ್ನೂ ಕನ್ನಡದಲ್ಲಿ ಒಂದು ಹಾಳೆಯಲ್ಲಿ ಬರೆದು ಎಲ್ಲರ ಕೈಗೆ ಕೊಟ್ಟೆ. ಯಾರು ಸತ್ತ, ಎಲ್ಲಿಗೆ ಹೋದ, ಯಾರ ಮುಂದೆ ನಿಂತ, ಇಷ್ಟೇ. ಗೆಳತಿ ಮುಖ್ಯವಾದ ಸಾಲುಗಳ ಅರ್ಥ ಹೇಳಿದಳು. ಮತ್ತೆ ಮೊದಲಿಂದ ಹಾಕಿದೆವು.

ಈ ಸಲ ಸೀನು ಪೂರಾ ಬದಲಾಯಿತು. ಮೊದಲ ಹಾಡಿಗೇ ಮಾಸ್ತರು ನೆಟ್ಟಗೆ ಕೂತರು. ಸತ್ತವನ ಮುಂದೆ ಹಾಡುವುದು ಅವರಿಗೆ ದಿನದ ಕೆಲಸ. ನಮ್ಮ ಹಳ್ಳಿಗಳಲ್ಲಿ ಯಾರಾದರೂ ತೀರಿಕೊಂಡರೆ ಹೆಣ ಎತ್ತುವ ತನಕ ಭಜನೆ ನಿಲ್ಲುವುದಿಲ್ಲ. ಹೆಣವನ್ನು ಗೋಡೆಗೆ ಒರಗಿಸಿ ಕೂರಿಸಿರುತ್ತಾರೆ. ಮುಂದೆ ಪೇಟಿ, ತಬಲಾ, ತಾಳ. ರಾತ್ರಿಯಿಡೀ ತತ್ವಪದ. ಆ ಪದಗಳಲ್ಲಿ ಬಹಳಷ್ಟು ಸತ್ತವನಿಗೇ ಹೇಳುವಂಥವು. ಮನೆ ಬಿಟ್ಟು ಹೊರಟೆಯಲ್ಲೋ, ಮುಂದೇನು, ಲೆಕ್ಕ ಏನು ಅಂತ. ಅಳುವವರು ಅಳುತ್ತಿರುತ್ತಾರೆ, ನಡುನಡುವೆ ಚಹಾ ಬರುತ್ತಿರುತ್ತೆ, ಮೇಳದವರು ದನಿ ಇಳಿಸುವುದಿಲ್ಲ. ‘ಎ ಪ್ಯಾಷನ್ ಪ್ಲೇ’ಯ ಮೊದಲ ಅಂಕ ಇದೇ ದೃಶ್ಯ, ಈ ಕಡೆಯಿಂದಲ್ಲ, ಆ ಕಡೆಯಿಂದ. ಹೆಣವಾದವನೇ ಹಾಡುತ್ತಿದ್ದಾನೆ. ‘ದಿ ಸಿಲ್ವರ್ ಕಾರ್ಡ್’ (ಬೆಳ್ಳಿ ದಾರ) ಅನ್ನುವ ಆ ಭಾಗದಲ್ಲಿ ಪಿಯಾನೋ, ಅಕೂಸ್ಟಿಕ್ ಗಿಟಾರ್ ಬಿಟ್ಟರೆ ಬೇರೆ ಗದ್ದಲ ಕಡಿಮೆ. ಆಂಡರ್ಸನ್ ಇಷ್ಟು ತೆರೆದ ದನಿಯಲ್ಲಿ ಹಾಡಿದ್ದು ಅಪರೂಪ. ಯಾವ ವಿಮರ್ಶಕನೂ ಈ ಮೂರ್ನಾಲ್ಕು ನಿಮಿಷವನ್ನು ಬೈಯುವ ಹಾಗಿಲ್ಲ.

ಮೆಮೊರಿ ಬ್ಯಾಂಕ್ ಬಂದಾಗ ಮಾಸ್ತರಿಗೆ ವಿವರಿಸುವ ಕೆಲಸವೇ ಇರಲಿಲ್ಲ. ‘ಚಿತ್ರಗುಪ್ತನ ಕಟ್ಟೆ’ ಅಂದರು. ಖಾತೆ ಪುಸ್ತಕದ ಬದಲು ಸಿನಿಮಾ ಪರದೆ, ಅಷ್ಟೇ ವ್ಯತ್ಯಾಸ. ಇಲ್ಲಿಂದ ‘ಕ್ರಿಟಿಕ್ ಒಬ್ಲೀಕ್’ ಭಾಗಕ್ಕೆ ಹೋಗುವಾಗ ಸಂಗೀತ ಬಿರುಸಾಗುತ್ತೆ, ತೂಗಿ ನೋಡುವವರ ದನಿ ಚುಚ್ಚುತ್ತೆ. ಮೊದಲು ಬೇಸರದಿಂದ ಕೂತಿದ್ದ ಗಿಟಾರ್ ಹುಡುಗ ಆ ಗಿಟಾರ್ ವರಸೆಗೆ ತೊಡೆ ಮೇಲೆ ತಾಳ ಹಾಕಲು ಶುರುಮಾಡಿದ. ಬ್ಯಾರಿಮೋರ್ ಬಾರ್ಲೋ ಅವರ ಡ್ರಮ್ಸ್ ಇಲ್ಲಿ ಎಷ್ಟು ನಿಖರವಾಗಿದೆ ಅಂತ ಅವನೇ ತೋರಿಸಿಕೊಟ್ಟ. ತಾಳ ಬದಲಾಗುವುದು ಮಾತಿನ ಜಗಳಕ್ಕೆ ತಕ್ಕ ಹಾಗೆ. ಒಬ್ಬ ಕೇಳುತ್ತಾನೆ, ಇನ್ನೊಬ್ಬ ನಡುವೆ ಬಾಯಿ ಹಾಕುತ್ತಾನೆ. ಕತೆ ಗೊತ್ತಿಲ್ಲದಾಗ ಗೊಂದಲವಾಗಿದ್ದದ್ದು ಈಗ ಸಂಭಾಷಣೆ.

ದೊಡ್ಡಾಟ ನೋಡುವವರಿಗೆ ಕತೆ ಮೊದಲೇ ಗೊತ್ತಿರುತ್ತೆ ಅಲ್ವಾ? ಕರ್ಣ ಸಾಯುತ್ತಾನೆ ಅಂತ ಯಾರಿಗೆ ಗೊತ್ತಿಲ್ಲ? ಆದರೂ ಬೆಳಗಿನ ತನಕ ಕೂರುತ್ತಾರೆ, ಇವತ್ತಿನ ಕರ್ಣ ಹೇಗೆ ಕುಣಿಯುತ್ತಾನೆ ನೋಡೋಣ ಅಂತ. ಮೇಲಾಗಿ ಪಾತ್ರ ರಂಗಕ್ಕೆ ಬಂದ ಕೂಡಲೇ ಸಾರಥಿ ಎದುರು ನಿಂತು, ನೀನು ಯಾರು, ಯಾವ ಊರು, ಯಾಕೆ ಬಂದೆ ಅಂತ ಕೇಳುತ್ತಾನೆ. ಪಾತ್ರ ತಾನೇ ಬಾಯಿಬಿಟ್ಟು ಹೇಳುತ್ತೆ. ದೂರದಲ್ಲಿ ಕೂತ ಅಜ್ಜಿಗೂ ಗೊತ್ತಾಗಲಿ ಅಂತ ಮಾಡಿದ ವ್ಯವಸ್ಥೆ ಅದು. ‘ಎ ಪ್ಯಾಷನ್ ಪ್ಲೇ’ಯಲ್ಲಿ ಆ ಸಾರಥಿ ಇಲ್ಲ. ಪಾತ್ರಗಳೆಲ್ಲ ಒಬ್ಬರದೇ ಗಂಟಲಿನಿಂದ ಬರುತ್ತವೆ, ಯಾರು ಬಂದರು ಅಂತ ಯಾರೂ ಹೇಳುವುದಿಲ್ಲ. ಆಲ್ಬಮ್ಮಿನ ದೊಡ್ಡ ಕೊರತೆ ಇದೇ. ಸಂಗೀತದ ಕೊರತೆ ಅಲ್ಲ, ಹೇಳುವ ವ್ಯವಸ್ಥೆಯ ಕೊರತೆ. ನಮ್ಮ ಒಂದು ಹಾಳೆ ಮಾಡಿದ್ದು ಸಾರಥಿಯ ಕೆಲಸ.

ಕನ್ನಡಕ ಕಳೆದುಕೊಂಡ ಮೊಲ

ಈಗ ಎಲ್ಲರೂ ಬೈದ ಜಾಗಕ್ಕೆ ಬರೋಣ. ಮೊದಲ ಬದಿಯ ಕೊನೆ, ಎರಡನೇ ಬದಿಯ ಶುರು, ಈ ಎರಡರ ನಡುವೆ ಕತೆ ಥಟ್ಟನೆ ನಿಲ್ಲುತ್ತೆ. ಬಾಸ್ ನುಡಿಸುವ ಜೆಫ್ರಿ ಹ್ಯಾಮಂಡ್ ಮುಂದೆ ಬಂದು, ಉತ್ತರ ಇಂಗ್ಲೆಂಡಿನ ಹಳ್ಳಿ ಮಾತಿನ ಧಾಟಿಯಲ್ಲಿ, ಮಕ್ಕಳಿಗೆ ಹೇಳುವ ಹಾಗೆ ಒಂದು ಕತೆ ಹೇಳುತ್ತಾರೆ. ಮೊಲ ಕನ್ನಡಕ ಕಳೆದುಕೊಂಡಿದೆ. ಗೂಬೆ, ಕಾಂಗರೂ, ಜೇನ್ನೊಣ, ನ್ಯೂಟ್ ಅನ್ನುವ ನೀರುಹಲ್ಲಿ, ಎಲ್ಲ ಸೇರಿ ಏನು ಮಾಡೋಣ ಅಂತ ಮಾತಾಡುತ್ತವೆ. ಯಾರಿಂದಲೂ ಏನೂ ಆಗುವುದಿಲ್ಲ. ಕೊನೆಗೆ ನೋಡಿದರೆ ಮೊಲದ ಹತ್ತಿರ ಇನ್ನೊಂದು ಜೊತೆ ಕನ್ನಡಕ ಇದ್ದೇ ಇತ್ತು. ಮುಗೀತು. ಮತ್ತೆ ಸ್ವರ್ಗದ ಕತೆ.

ಸಾವಿನ ಗಂಭೀರ ಕತೆಯ ನಡುವೆ ಇದೇನು ಹುಡುಗಾಟ ಅಂತ ಆಗಿನವರು ಸಿಟ್ಟಾದರು. ಈಗಲೂ ಅಭಿಮಾನಿಗಳಲ್ಲೇ ಕೆಲವರು ಈ ಭಾಗವನ್ನು ದಾಟಿಸಿಬಿಡುತ್ತಾರೆ. ನಮ್ಮ ಮಾಳಿಗೆ ಮೇಲೆ ಯಾರಿಗೂ ಅದು ತಪ್ಪು ಅನ್ನಿಸಲಿಲ್ಲ. ತೊಗಲು ಗೊಂಬೆಯಾಟ ನೋಡಿದವರಿಗೆ ಕಿಳ್ಳೇಕ್ಯಾತ, ಬಂಗಾರಕ್ಕ ಗೊತ್ತು. ರಾಮ ಕಾಡಿಗೆ ಹೋಗಲಿ, ಸೀತೆ ಅಳುತ್ತಿರಲಿ, ಇವರಿಬ್ಬರು ಪರದೆ ಮೇಲೆ ನುಗ್ಗಿ ಗಂಡ ಹೆಂಡಿರ ಜಗಳ ತೆಗೆಯುತ್ತಾರೆ. ಪೋಲಿ ಮಾತು, ಊರ ಸುದ್ದಿ, ಎಲ್ಲ ಬರುತ್ತೆ. ಜನ ಬಿದ್ದು ಬಿದ್ದು ನಗುತ್ತಾರೆ. ಆಮೇಲೆ ಮತ್ತೆ ಸೀತೆ ಅಳುತ್ತಾಳೆ, ಜನವೂ ಅಳುತ್ತಾರೆ. ಒಂದಕ್ಕೆ ಇನ್ನೊಂದು ಅಡ್ಡಿಯಲ್ಲ. ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂತು. ಅವರ ಮನೆತನ ತಲೆತಲಾಂತರದಿಂದ ಉಳಿಸಿಕೊಂಡು ಬಂದ ಕಲೆ ಈ ತೊಗಲು ಗೊಂಬೆಯಾಟವೇ.

ಮೊಲದ ಕತೆಯನ್ನು ಹೀಗೆ ಕೇಳಿದರೆ ಅದರ ಕೆಲಸವೂ ಕಾಣುತ್ತೆ. ಮೆಮೊರಿ ಬ್ಯಾಂಕಿನಲ್ಲಿ ಕೂತವರು ರೋನಿಯ ಬದುಕನ್ನು ತೂಗಿ ತೀರ್ಪು ಕೊಟ್ಟಿದ್ದಾರೆ. ಮುಂದೆ ಸ್ವರ್ಗದವರು, ನರಕದವರು ಅವನಿಗೆ ದಾರಿ ತೋರಿಸಲು ಕಾದಿದ್ದಾರೆ. ನಡುವೆ ಬರುವ ಈ ಪ್ರಾಣಿಗಳು ಮೊಲಕ್ಕೆ ದಾರಿ ತೋರಿಸಲು ಹೊರಡುತ್ತವೆ, ಮೊಲಕ್ಕೆ ಬೇಕಾದದ್ದು ಮೊಲದ ಹತ್ತಿರವೇ ಇರುತ್ತೆ. ಎರಡನೇ ಭಾಗದಲ್ಲಿ ರೋನಿ ಕಂಡುಕೊಳ್ಳುವುದೂ ಅದನ್ನೇ. ಆಂಡರ್ಸನ್ ಇದನ್ನು ಇಷ್ಟು ಲೆಕ್ಕ ಹಾಕಿ ಇಟ್ಟರು ಅಂತ ನಾನು ವಾದಿಸುವುದಿಲ್ಲ. ಆದರೆ ಅದು ಅಲ್ಲಿ ಕೂತಿದೆ, ಸರಿಯಾಗಿ ಕೂತಿದೆ.

ಎರಡನೇ ಬದಿ

ಮಾಳಿಗೆಯಲ್ಲಿ ಜಾಸ್ತಿ ಮಾತಾದದ್ದು ನರಕದ ಬಗ್ಗೆ. ಈ ಆಲ್ಬಮ್ಮಿನಲ್ಲಿ ನರಕದ ಒಡೆಯ ಲೂಸಿಫರ್ ಬೆಂಕಿಯವನಲ್ಲ, ಹಿಮದ ಹಾಗೆ ತಣ್ಣಗಿರುವವನು. ಮುಟ್ಟಿದರೆ ಕೊರೆಯುವವನು. ಬಳ್ಳಾರಿಯ ಬೇಸಿಗೆಯಲ್ಲಿ ಕೂತು ತಣ್ಣನೆಯ ನರಕವನ್ನು ಊಹಿಸುವುದು ಸುಲಭವಲ್ಲ. ಆದರೆ ಗೆಳತಿ ಹೇಳಿದ ಮಾತು ನನಗೆ ನಾಟಿತು: ಬೆಂಕಿಯವನಿಗೆ ನಿನ್ನ ಮೇಲೆ ಸಿಟ್ಟಾದರೂ ಇರುತ್ತೆ, ಇವನಿಗೆ ಅದೂ ಇಲ್ಲ.

‘ಫ್ಲೈಟ್ ಫ್ರಮ್ ಲೂಸಿಫರ್’ ಭಾಗದಲ್ಲಿ ರೋನಿ ಅಲ್ಲಿಂದ ಓಡುವಾಗ ಹೇಳುವ ಮಾತಿನಲ್ಲಿ ಆಲ್ಬಮ್ಮಿನ ತಿರುಳಿದೆ. ನಾನು ಒಳ್ಳೆಯವನೂ ಅಲ್ಲ, ಕೆಟ್ಟವನೂ ಅಲ್ಲ. ತಲೆಯ ಹಿಂದಿನ ಪ್ರಭಾವಳಿ ಕೊಟ್ಟು ಕೊಂಬು ತಗೊಳ್ಳುತ್ತೇನೆ, ಆ ಕೊಂಬನ್ನೂ ಕೊಟ್ಟು ನಾನು ಮೊದಲು ಹಾಕಿಕೊಳ್ಳುತ್ತಿದ್ದ ಟೋಪಿಯನ್ನೇ ವಾಪಸ್ ತಗೊಳ್ಳುತ್ತೇನೆ ಅನ್ನುತ್ತಾನೆ. ಅವನಿಗೆ ಬೇಕಾಗಿರುವುದು ಮೋಕ್ಷ ಅಲ್ಲ, ಆ ಹಳೇ ಟೋಪಿ. ಇದನ್ನು ಕನ್ನಡದಲ್ಲಿ ಹೇಳಿದಾಗ ಮಾಸ್ತರು ಒಪ್ಪಲಿಲ್ಲ. ಮತ್ತೆ ಹುಟ್ಟಿ ಬರುವುದನ್ನು ಯಾರಾದರೂ ಬೇಡಿ ಪಡೆಯುತ್ತಾರಾ, ಬಿಡಿಸಿಕೊಳ್ಳುವುದಕ್ಕೇ ಅಲ್ವಾ ನಾವು ಇಷ್ಟು ಪದ ಹಾಡುವುದು ಅಂದರು. ಅವರ ಪ್ರಶ್ನೆ ನ್ಯಾಯವಾದದ್ದೇ. ನಮ್ಮ ತತ್ವಪದ ಹೊರಡುವ ದಿಕ್ಕಿಗೆ ಈ ನಾಟಕ ಪೂರ್ತಿ ಎದುರು ನಡೆಯುತ್ತೆ. ಹಾಗೆ ನಡೆದರೂ ತನ್ನ ಮಾತನ್ನು ಮನಸಾರೆ ಹೇಳುತ್ತೆ. ಅದಕ್ಕೇ ನನಗೆ ಇದರ ಮೇಲೆ ಗೌರವ.

ಇಲ್ಲೊಂದು ಅಡ್ಡಮಾತು. ಈ ಬ್ಯಾಂಡಿಗೆ ಜೆಥ್ರೋ ಟಲ್ ಅನ್ನುವ ಹೆಸರು ಬಂದದ್ದು 18ನೇ ಶತಮಾನದ ಒಬ್ಬ ಇಂಗ್ಲಿಷ್ ರೈತನಿಂದ. 1701ರಲ್ಲಿ ಕುದುರೆ ಎಳೆಯುವ ಬಿತ್ತುವ ಯಂತ್ರ ಮಾಡಿದವನು ಅವನು. ಮಾಸ್ತರಿಗೆ ಇದನ್ನು ಹೇಳಿದೆ. ‘ಕೂರಿಗಿ ಮಾಡಿದವನಾ?’ ಅಂತ ಅವರಿಗೆ ಬಹಳ ಖುಷಿಯಾಯಿತು. ನಮ್ಮ ಎರೆ ಹೊಲದಲ್ಲಿ ಜೋಳ ಬಿತ್ತುವ ಕೂರಿಗೆ, ಅದರ ಮರದ ಬಟ್ಟಲು, ಬಿದಿರ ಕೊಳವೆ, ಹಿಂದೆ ನಡೆಯುತ್ತಾ ಬೆರಳ ಸಂದಿಯಿಂದ ಕಾಳು ಬಿಡುವ ಹೆಂಗಸರು, ಇದರ ಬಗ್ಗೆ ಅವರು ಅರ್ಧ ಗಂಟೆ ಮಾತಾಡಿದರು. ಆ ರಾತ್ರಿ ಬ್ಯಾಂಡಿನ ಮೇಲೆ ಅವರಿಗೆ ಹುಟ್ಟಿದ ಸಲಿಗೆಗೆ ಕೂರಿಗೆಯೇ ಅರ್ಧ ಕಾರಣ ಇರಬೇಕು.

ಈಗ ಕೇಳುವವರಿಗೆ

2014ರಲ್ಲಿ ಸಂಗೀತಗಾರ ಸ್ಟೀವನ್ ವಿಲ್ಸನ್ ಇದನ್ನು ಹೊಸದಾಗಿ ಮಿಕ್ಸ್ ಮಾಡಿದ ಆವೃತ್ತಿ ಬಂದಿದೆ. ಅದನ್ನೇ ಹುಡುಕಿ ಕೇಳಿ. ಹಳೆಯದರಲ್ಲಿ ಒಂದರ ಮೇಲೊಂದು ಬಿದ್ದಿದ್ದ ವಾದ್ಯಗಳು ಇದರಲ್ಲಿ ಬಿಡಿಬಿಡಿಯಾಗಿ ಕೇಳುತ್ತವೆ. ಫ್ರಾನ್ಸಿನಲ್ಲಿ ಕೈಬಿಟ್ಟ ಸಂಗೀತವೂ ಅದರ ಜೊತೆಗಿದೆ. ಅದು ಸಲೀಸಾಗಿದೆ, ಹಾಡು ಹಾಡಾಗಿದೆ. ಅದೇ ಚೆನ್ನಾಗಿತ್ತು ಅನ್ನುವವರೂ ಇದ್ದಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ಅದರಲ್ಲಿ ಒಳ್ಳೆಯ ಹಾಡುಗಳಿವೆ, ಸತ್ತವನಿಲ್ಲ. ನಾಲ್ಕು ಅಂಕದ ಹಾಳೆ ಕೈಯಲ್ಲಿರಲಿ. ಒಂದೇ ಕೂತಲ್ಲಿ ಕೇಳಿ, ತುಂಡು ಮಾಡಬೇಡಿ. ಗಿಟಾರ್ ಗೀಳಿನವರು ಬೇಕಾದರೆ ‘ಕ್ರಿಟಿಕ್ ಒಬ್ಲೀಕ್’ ಮೊದಲು ಕೇಳಿ ಆಮೇಲೆ ಹಿಂದಕ್ಕೆ ಬನ್ನಿ.

ಒಂದು ದೂರು ಉಳಿದಿದೆ. ಅದನ್ನು ಹೇಳಿದ್ದು ಮಾಸ್ತರು, ನಾನೂ ಒಪ್ಪುತ್ತೇನೆ. ದೇವರ ಆಫೀಸಿನ ಮೂರನೇ ಅಂಕ ಬಹಳ ಅವಸರದ್ದು. ರೋನಿಗೆ ಸ್ವರ್ಗ ಯಾಕೆ ಬೇಡವಾಯಿತು ಅಂತ ಮನಸ್ಸಿಗೆ ಇಳಿಯುವ ಮೊದಲೇ ಅವನು ನರಕದಲ್ಲಿರುತ್ತಾನೆ. ದೊಡ್ಡಾಟವಾಗಿದ್ದರೆ ಆ ಆಫೀಸಿನ ಗುಮಾಸ್ತನಿಗೆ ಒಂದು ಪದ, ರೋನಿಗೆ ಒಂದು ಪದ, ಇಬ್ಬರಿಗೂ ಸೇರಿ ಒಂದು ವಾದ ಇರುತ್ತಿತ್ತು ಅಂದರು. ಎಲ್‌ಪಿಯ ಒಂದು ಬದಿಗೆ ಇಪ್ಪತ್ತು ಚಿಲ್ಲರೆ ನಿಮಿಷಕ್ಕಿಂತ ಜಾಸ್ತಿ ತುಂಬಿದರೆ ಸದ್ದು ತೆಳುವಾಗುತ್ತೆ, ಅದಕ್ಕೆ ಜಾಗ ಇರಲಿಲ್ಲ ಅಂತ ನಾನು ಹೇಳಿದೆ. ಮೊಲದ ಕತೆಯೇ ನಾಲ್ಕು ನಿಮಿಷ ತಿಂದಿದೆಯಲ್ಲ, ಅದನ್ನು ತೆಗೆದಿದ್ದರೆ ಜಾಗ ಸಿಗುತ್ತಿತ್ತು ಅಂದ ಗಿಟಾರ್ ಹುಡುಗ. ಮಾಸ್ತರು, ನಾನು, ಗೆಳತಿ ಮೂವರೂ ಒಟ್ಟಿಗೆ ಬೇಡ ಅಂದೆವು.